ಬಣ್ಣಕ್ಕೆ ನೀರೆಷ್ಟು?



ಶಾಲೆಯ ವಸ್ತುಪ್ರದರ್ಶನಕ್ಕೆಂದು ಮಕ್ಕಳು ಥರ್ಮೋಕೋಲಿನಲ್ಲಿ ಬೇಕಲ ಕೋಟೆಯನ್ನು ಮಾಡುತ್ತಾರೆ. ವಾರಗಟ್ಟಲೆ ಕೂತು ಕೊರೆದ ಕೆಂಪುಕಲ್ಲಿನ ಸಂದುಗಳೆಲ್ಲ, ಬಾಟಲಿಯಿಂದ ನೇರವಾಗಿ ಬಳಿದ ಅಕ್ರಿಲಿಕ್ ಬಣ್ಣದಲ್ಲಿ ಮುಚ್ಚಿಹೋಗುತ್ತವೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಬಣ್ಣವನ್ನು ತಟ್ಟೆಗೆ ಹಾಕಿ, ಹನಿಹನಿಯಾಗಿ ನೀರು ಬೆರೆಸಿ ಹಾಲಿನ ಹದಕ್ಕೆ ತನ್ನಿ. ಥಿನ್ನರ್ ಬೇಡವೇ ಬೇಡ, ಅದು ಥರ್ಮೋಕೋಲನ್ನೇ ತಿಂದುಬಿಡುತ್ತದೆ. ಹಾಗೆಂದು ನೀರನ್ನೂ ಸುರಿಯಬಾರದು. ಬಣ್ಣದ ಪುಡಿಯನ್ನು ಹಿಡಿದಿಡುವುದು ಅದರೊಳಗಿನ ಅಕ್ರಿಲಿಕ್ ಅಂಟು. ಆ ಅಂಟು ತೀರಾ ತೆಳುವಾದರೆ, ಒಣಗಿದ ಮೇಲೂ ಬಣ್ಣ ಬೆರಳಿಗೆ ಹತ್ತುತ್ತದೆ.

ಮೊದಲ ಕೋಟಿಂಗಿನಲ್ಲಿ ಅಲ್ಲಲ್ಲಿ ಬಿಳಿ ಇಣುಕುತ್ತದೆ, ಇಣುಕಲಿ. ಅರೆ ಒಣಗಿದಲ್ಲಿ ಮತ್ತೆ ಬ್ರಶ್ ಎಳೆದರೆ ಬಣ್ಣ ಎದ್ದುಬರುತ್ತದೆ. ನಮ್ಮ ಮಳೆಗಾಲದಲ್ಲಂತೂ ಒಣಗಲು ಹೆಚ್ಚು ಹೊತ್ತು ಬೇಕು. ಪೂರ್ತಿ ಒಣಗಿದ ಮೇಲೆ ಎರಡನೆಯದು, ಬೇಕಿದ್ದರೆ ಮೂರನೆಯದು. ಬ್ರಶ್ಶನ್ನು ಮಾತ್ರ ಕೂಡಲೇ ತೊಳೆಯಿರಿ. ಒಣಗಿದ ಅಕ್ರಿಲಿಕ್ ನೀರಿಗೆ ಕರಗುವುದಿಲ್ಲ.