ಉತ್ತರ ಕೇಳಬೇಡಿ, ದಾರಿ ಕೇಳಿ
(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಇಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದ ನಾನು ಬಿ.ಇ. ಸೇರಿದಾಗ ಇಂಗ್ಲಿಷ್ ಪಾಠ ಅರ್ಥವಾಗುತ್ತಿರಲಿಲ್ಲ. ಕೇಳಲು ನಾಚಿಕೆ. ಗೆಳೆಯರ ಲೆಕ್ಕಗಳನ್ನು ನೋಡಿ ಬರೆದುಕೊಂಡೆ. ನೋಟ್‌ಬುಕ್ ತುಂಬಿತು, ಮೊದಲ ಸೆಮಿಸ್ಟರ್‌ನ ಗಣಿತದಲ್ಲಿ ಫೇಲಾದೆ. ಇದನ್ನು ಇವತ್ತು ಹೇಳಲು ಕಾರಣವಿದೆ.

2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂತು. ಆಮೇಲೆ ಇಂಥವು ಹಲವು ಬಂದಿವೆ. ಈಗ ಕನ್ನಡದಲ್ಲೇ ಕೇಳಿದರೂ ಕೃತಕ ಬುದ್ಧಿಮತ್ತೆ, ಅಂದರೆ ಎಐ, ಉತ್ತರ ಕೊಡುತ್ತದೆ. ಹೋಂವರ್ಕ್ ನಿಮಿಷದಲ್ಲಿ ಮುಗಿಯುತ್ತದೆ. ಆದರೆ ಅದನ್ನು ಹಾಗೇ ಬರೆದುಕೊಂಡರೆ ನಾನು ಮಾಡಿದ ತಪ್ಪನ್ನೇ ನೀವೂ ಮಾಡಿದ ಹಾಗೆ.

ಬೇರೆ ರೀತಿಯಲ್ಲಿ ಬಳಸಿ. 3, 7, 11 ಹೀಗೆ ಸಾಗುವ ಸಮಾಂತರ ಶ್ರೇಢಿಯ 20ನೇ ಪದ ಯಾವುದು? ಮೊದಲು ನೀವೇ ಮಾಡಿ. 83 ಬಂತು ಅನ್ನಿ, ಅದು ತಪ್ಪು. ಆಗ ನಿಮ್ಮ ಲೆಕ್ಕವನ್ನು ಎಐಗೆ ತೋರಿಸಿ, "ಉತ್ತರ ಹೇಳಬೇಡ, ಎಲ್ಲಿ ತಪ್ಪಿದೆ ಎಂದು ಸುಳಿವು ಮಾತ್ರ ಕೊಡು" ಎಂದು ಕೇಳಿ. ಎರಡನೇ ಪದಕ್ಕೆ ಎಷ್ಟು ಸಲ 4 ಕೂಡಿದೆ, ಮೂರನೆಯದಕ್ಕೆ ಎಷ್ಟು ಸಲ ಎಂದು ಅದು ಕೇಳಬಹುದು. ಒಂದು, ಎರಡು ಎಂದು ಎಣಿಸುವಾಗಲೇ 20ನೇ ಪದಕ್ಕೆ 19 ಸಲ ಎಂದು ನಿಮಗೇ ಹೊಳೆಯುತ್ತದೆ. 79 ಸಿಗುತ್ತದೆ. ಹೀಗೆ ಸಿಕ್ಕಿದ್ದು ಮರೆಯುವುದಿಲ್ಲ. ನಮ್ಮ ಮೇಷ್ಟ್ರು ಬೋರ್ಡಿನ ಮುಂದೆ ನಿಲ್ಲಿಸಿ ಮಾಡಿಸುತ್ತಿದ್ದುದೂ ಇದನ್ನೇ.

ಒಂದು ಎಚ್ಚರಿಕೆ. ಎಐ ಮುಂದಿನ ಪದ ಯಾವುದಿರಬಹುದು ಎಂದು ಅಂದಾಜು ಮಾಡುತ್ತಾ ಬರೆಯುತ್ತದೆ. ತಪ್ಪನ್ನೂ ಧೈರ್ಯವಾಗಿ ಹೇಳುತ್ತದೆ. ನಮ್ಮ ಮಾರಿಕಣಿವೆ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷದ ನಂತರ. ಹಿರಿಯೂರು ಸೀಮೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಎಐ ಬೇರೆ ವರ್ಷ ಹೇಳಿದರೆ ನಂಬಬೇಡಿ. ಪಠ್ಯಪುಸ್ತಕ ನೋಡಿ, ಮೇಷ್ಟ್ರನ್ನು ಕೇಳಿ, ಮನೆಯ ಅಜ್ಜನನ್ನು ಕೇಳಿ.

ತಂದೆತಾಯಿಗಳಲ್ಲಿ ಒಂದು ಬೇಡಿಕೆ. ಮನೆಯಲ್ಲಿರುವ ಒಂದೇ ಫೋನು ಹೆಚ್ಚಾಗಿ ಮಗನ ಕೈಯಲ್ಲೇ ಇರುತ್ತದೆ. ಮಗಳಿಗೂ ದಿನಕ್ಕೆ ಅರ್ಧ ಗಂಟೆ ಕೊಡಿ, ಪಕ್ಕದಲ್ಲಿ ಕುಳಿತು ಏನು ಕೇಳುತ್ತಾಳೆ ನೋಡಿ. ಟ್ಯೂಷನ್‌ಗೆ ಕಳಿಸಲಾಗದ ಮನೆಯ ಮಕ್ಕಳಿಗೆ ಇದರಿಂದ ದೊಡ್ಡ ಉಪಕಾರ.

ಹಳೆಯ ವಿದ್ಯಾರ್ಥಿಗಳು ಸೇರಿ ಶಾಲೆಗೆ ಕಂಪ್ಯೂಟರ್ ಕೊಡಿಸೋಣ. ಜೊತೆಗೆ ತಿಂಗಳಿಗೊಂದು ಭಾನುವಾರ ಬಂದು ಮಕ್ಕಳ ಪಕ್ಕ ಕೂರೋಣ. ನಾನು ಬರುತ್ತೇನೆ.