ಒಂದು ಸೆಂಟಿನ ಅಪರಾಧ

ವಯೋಲಾ ಡೆಸ್ಮಂಡ್ ಕೆನಡಾದ ನೋವಾ ಸ್ಕೋಷಿಯಾ ಪ್ರಾಂತ್ಯದ ಹ್ಯಾಲಿಫ್ಯಾಕ್ಸ್ ನಗರದಲ್ಲಿ ಬ್ಯೂಟಿ ಪಾರ್ಲರ್ ನಡೆಸುತ್ತಿದ್ದ ಕಪ್ಪು ಮಹಿಳೆ. ಊರಿನ ತರಬೇತಿ ಶಾಲೆಗಳು ಕಪ್ಪು ಹುಡುಗಿಯರನ್ನು ಸೇರಿಸಿಕೊಳ್ಳದಿದ್ದಾಗ ಬೇರೆ ಊರಿಗೆ ಹೋಗಿ ಕಸುಬು ಕಲಿತು ಬಂದು, ತಾವೇ ಒಂದು ಶಾಲೆ ತೆರೆದವರು. 1946ರ ನವೆಂಬರ್ 8ರಂದು ದಾರಿಯಲ್ಲಿ ಕಾರು ಕೆಟ್ಟಿತು. ನ್ಯೂ ಗ್ಲಾಸ್ಗೋ ಎಂಬ ಪಟ್ಟಣದಲ್ಲಿ ಉಳಿಯಬೇಕಾಗಿ ಬಂದು, ಅಲ್ಲಿನ ರೋಸ್‌ಲ್ಯಾಂಡ್ ಚಿತ್ರಮಂದಿರಕ್ಕೆ ಹೋದರು. ದೂರದ್ದು ಸರಿಯಾಗಿ ಕಾಣುತ್ತಿರಲಿಲ್ಲವಾದ್ದರಿಂದ ಕೆಳಗೆ, ತೆರೆಗೆ ಹತ್ತಿರ ಕೂತರು. ಕೈಗೆ ಕೊಟ್ಟದ್ದು ಬಾಲ್ಕನಿ ಟಿಕೆಟ್ ಎಂದು ಗೊತ್ತಾದಾಗ ಹೆಚ್ಚಿನ ಹಣ ಕೊಡಲು ಮುಂದಾದರು. ನಮ್ಮಲ್ಲಿ ಬಾಲ್ಕನಿ ದುಬಾರಿ, ಅಲ್ಲಿ ಅದೇ ಅಗ್ಗ. ಆದರೆ ಟಿಕೆಟ್ ಮಾರುವವರು, ನಿಮ್ಮವರಿಗೆ ಕೆಳಗಿನ ಟಿಕೆಟ್ ಕೊಡುವುದಿಲ್ಲ ಎಂದರು. ವಯೋಲಾ ಹಿಂತಿರುಗಿ ಅದೇ ಸೀಟಿನಲ್ಲಿ ಕೂತರು. ಅವರನ್ನು ಎಳೆದು ಹೊರಹಾಕಿ, ರಾತ್ರಿಯಿಡೀ ಲಾಕಪ್ಪಿನಲ್ಲಿಟ್ಟು, ಮರುದಿನ ಒಟ್ಟು 26 ಡಾಲರ್ ವಸೂಲು ಮಾಡಿದರು.

ಯಾವ ಅಪರಾಧಕ್ಕೆ? ಆ ಪ್ರಾಂತ್ಯದಲ್ಲಿ ಕಪ್ಪು ಜನ ಚಿತ್ರಮಂದಿರದ ಮೇಲ್ಭಾಗದಲ್ಲೇ ಕೂರಬೇಕೆಂಬ ಕಾನೂನು ಇರಲಿಲ್ಲ. ಹಾಗಾಗಿ ಮನರಂಜನಾ ತೆರಿಗೆಯನ್ನು ಹುಡುಕಿ ತೆಗೆದರು. ಎರಡು ಬಗೆಯ ಟಿಕೆಟ್‌ಗಳ ತೆರಿಗೆಯಲ್ಲಿ ಇದ್ದ ವ್ಯತ್ಯಾಸ ಒಂದೇ ಒಂದು ಸೆಂಟ್. ಆ ಸೆಂಟನ್ನು ವಂಚಿಸಿದರೆಂಬುದೇ ಆರೋಪ. ವಿಚಾರಣೆಯಲ್ಲಿ ಬಣ್ಣದ ಮಾತೇ ಎತ್ತಲಿಲ್ಲ. ಒಬ್ಬರ ಪ್ರತಿಭಟನೆಯ ಬೆಲೆ ನನಗೆ ಕಾಣುವುದು ಇಲ್ಲಿಯೇ. ಎಲ್ಲರೂ ಸುಮ್ಮನೆ ಬಾಲ್ಕನಿ ಹತ್ತುವವರೆಗೆ ಜನಾಂಗಭೇದ ಊರಿನ ವಾಡಿಕೆಯಾಗಿಯೇ ಉಳಿಯುತ್ತದೆ. ಅದಕ್ಕೆ ಯಾರೂ ಕಾರಣ ಕೊಡಬೇಕಿಲ್ಲ. ಒಬ್ಬರು ಏಳಲೊಲ್ಲೆ ಎಂದ ಕೂಡಲೇ ಅದು ಪೊಲೀಸರನ್ನು ಕರೆಯಬೇಕು, ಕಡತ ಬರೆಯಬೇಕು, ಸುಳ್ಳು ಕಾರಣವನ್ನಾದರೂ ಹೇಳಬೇಕು. ಹಾಗೆ ಹೇಳಿದ ಕಾರಣವನ್ನು ಮುಂದೆ ಯಾರು ಬೇಕಾದರೂ ಪ್ರಶ್ನಿಸಬಹುದು.

ಆದರೆ ಅವರು ಸೋತರಲ್ಲ, ಎಂದು ಕೇಳಬಹುದು. ನಿಜ, ಮೇಲಿನ ನ್ಯಾಯಾಲಯದಲ್ಲೂ ಅವರ ಅರ್ಜಿ ಕಾನೂನಿನ ಕ್ರಮದ ಕಾರಣಕ್ಕೆ ಬಿದ್ದುಹೋಯಿತು. ಆದರೂ ಆ ಪೀಠದ ಒಬ್ಬ ನ್ಯಾಯಮೂರ್ತಿ, ಇಷ್ಟೊಂದು ಆಸ್ಥೆ ವಹಿಸಿದ್ದು ನಿಜಕ್ಕೂ ಒಂದು ಸೆಂಟ್ ತೆರಿಗೆಗಾಗಿಯೋ ಅಥವಾ ತೆರಿಗೆ ಕಾನೂನನ್ನು ಮುಂದಿಟ್ಟುಕೊಂಡು ಕಪ್ಪು ಜನರನ್ನು ದೂರವಿಡುವುದಕ್ಕೋ ಎಂಬ ಸಂಶಯವನ್ನು ತೀರ್ಪಿನಲ್ಲಿ ದಾಖಲಿಸಿದರು. ಸೋತ ಮೊಕದ್ದಮೆಯೊಳಗೇ ಸತ್ಯ ಬರಹಕ್ಕೆ ಇಳಿಯಿತು. ವಯೋಲಾ ಸದ್ದಿಲ್ಲದೆ ಬಾಲ್ಕನಿಗೆ ಹೋಗಿದ್ದರೆ ಆ ವಾಕ್ಯ ಎಲ್ಲಿಯೂ ಇರುತ್ತಿರಲಿಲ್ಲ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು: ಬದಲಾವಣೆ ತರುವುದು ಸಂಘಟನೆ, ಒಬ್ಬಂಟಿ ವ್ಯಕ್ತಿಯಲ್ಲ. ಒಪ್ಪುತ್ತೇನೆ. ಕ್ಯಾರಿ ಬೆಸ್ಟ್ ಎಂಬ ಕಪ್ಪು ಪತ್ರಕರ್ತೆ ತಮ್ಮ ‘ದಿ ಕ್ಲ್ಯಾರಿಯನ್’ ಪತ್ರಿಕೆಯಲ್ಲಿ ಈ ಸುದ್ದಿಯನ್ನು ಎತ್ತಿ ಹಿಡಿಯದಿದ್ದರೆ, ಆಗಷ್ಟೇ ಹುಟ್ಟಿದ್ದ ಕಪ್ಪು ಜನರ ಸಂಘ ಮೊಕದ್ದಮೆಗೆ ಹಣ ಕೂಡಿಸದಿದ್ದರೆ ಪ್ರಕರಣ ಆ ಪಟ್ಟಣದಲ್ಲೇ ಮುಚ್ಚಿಹೋಗುತ್ತಿತ್ತು. ಆದರೆ ಹಣ ಕೂಡಿಸಲು ಆ ಸಂಘಕ್ಕೂ ಒಂದು ಮೊಕದ್ದಮೆ ಬೇಕಿತ್ತು. ಎಲ್ಲರಿಗೂ ಆಗುತ್ತಿದ್ದ ಅವಮಾನ ಒಬ್ಬರ ಹೆಸರು, ಒಂದು ತಾರೀಖು, ಒಂದು ರಸೀದಿ ಪಡೆದಾಗ ಹೋರಾಟಕ್ಕೆ ಹಿಡಿಯಲು ಆಧಾರ ಸಿಕ್ಕಿತು. ಸಾರ್ವಜನಿಕ ಸ್ಥಳಗಳಲ್ಲಿ ಭೇದ ಮಾಡುವುದನ್ನು ನೋವಾ ಸ್ಕೋಷಿಯಾ 1959ರಲ್ಲಿ ಕಾನೂನಿನಿಂದ ನಿಷೇಧಿಸಿತು. ಅದು ಅನೇಕರ ದುಡಿಮೆಯ ಫಲ. ಅದರಲ್ಲಿ ಈ ಸೀಟಿನ ಪಾಲೂ ಇದೆ.

ಇದಕ್ಕೆ ಅವರು ತೆತ್ತದ್ದನ್ನು ಮಾತ್ರ ಹಗುರವಾಗಿ ಹೇಳಲಾಗದು. ವ್ಯಾಪಾರ ಮುಚ್ಚಿ ಊರು ಬಿಟ್ಟರು. 1965ರಲ್ಲಿ ನ್ಯೂಯಾರ್ಕಿನಲ್ಲಿ, ಐವತ್ತರ ವಯಸ್ಸಿನಲ್ಲಿ ತೀರಿಕೊಂಡರು. ತಂಗಿ ವಾಂಡಾ ರಾಬ್ಸನ್ ಪಟ್ಟು ಬಿಡದೆ ದನಿ ಎತ್ತಿದ ಮೇಲೆ, 2010ರಲ್ಲಿ ಸರ್ಕಾರ ಕ್ಷಮೆ ಕೇಳಿ, ಕ್ಷಮಾದಾನ ನೀಡಿ ಶಿಕ್ಷೆಯನ್ನು ಅಳಿಸಿತು. ಆ ಕ್ಷಮಾದಾನ ತಪ್ಪು ಮಾಡಿದವರನ್ನು ಮನ್ನಿಸುವಂಥದ್ದಲ್ಲ, ತಪ್ಪೇ ನಡೆದಿರಲಿಲ್ಲ ಎಂದು ಒಪ್ಪುವಂಥದ್ದು. ಅದಕ್ಕೆ ರುಜು ಹಾಕಿದ ಲೆಫ್ಟಿನೆಂಟ್ ಗವರ್ನರ್ ಮೇಯನ್ ಫ್ರಾನ್ಸಿಸ್ ಸ್ವತಃ ಕಪ್ಪು ಮಹಿಳೆ. ಆ ಪ್ರಾಂತ್ಯದಲ್ಲಿ ಆ ಹುದ್ದೆಗೇರಿದ ಮೊದಲ ಕಪ್ಪು ವ್ಯಕ್ತಿ.