ಹಿಂದಿರುಗದ ವಿಮಾನದ ಲೆಕ್ಕ

(ಬಿಟ್ಟಂಗಾಲದ ಸ್ಮರಣೆಯ ಸಭೆಯಲ್ಲಿ ಮಾಡಿದ ಭಾಷಣ)



ಕೈಲ್ ಮುಹೂರ್ತದ ಕೋವಿಪೂಜೆ ಮುಗಿದ ಕೆಲವೇ ದಿನಗಳಲ್ಲಿ ಸೆಪ್ಟೆಂಬರ್ 7 ಬರುತ್ತದೆ. 1965ರ ಆ ದಿನ ನಮ್ಮ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರು ಪಂಜಾಬಿನ ಆದಂಪುರದಿಂದ ಮಿಸ್ಟೇರ್ ವಿಮಾನವೇರಿ ಹೊರಟರು, ಹಿಂದಿರುಗಲಿಲ್ಲ.

ಪಾಕಿಸ್ತಾನದ ಸರಗೋಧಾ ವಾಯುನೆಲೆಯ ಮೇಲಿನ ದಾಳಿಗೆ 12 ವಿಮಾನಗಳು ಗೊತ್ತಾಗಿದ್ದವು. ದೇವಯ್ಯನವರು ಮೀಸಲಿನಲ್ಲಿದ್ದವರು. ಸ್ಥಾನವೊಂದು ತೆರವಾಗಲು ತಾವೇ ಸೇರಿಕೊಂಡರು. ಅವರಿಗೆ ಎದುರಾದದ್ದು ಅಮೆರಿಕದಲ್ಲಿ ತಯಾರಾದ ಸ್ಟಾರ್‌ಫೈಟರ್. ಶಬ್ದದ ಎರಡರಷ್ಟು ವೇಗದ್ದು. ಮಿಸ್ಟೇರಿಗೆ ಅದನ್ನು ಓಡಿ ತಪ್ಪಿಸಿಕೊಳ್ಳುವ ಶಕ್ತಿಯಿರಲಿಲ್ಲ. ಏಟು ತಿಂದ ವಿಮಾನದಲ್ಲಿಯೇ ದೇವಯ್ಯನವರು ತಿರುಗಿ ನಿಂತು ಹೋರಾಡಿ, ಅದನ್ನು ಕೆಡವಿದರು. ಅದರ ಚಾಲಕ ಅಮ್ಜದ್ ಹುಸೇನ್ ಪ್ಯಾರಾಚೂಟಿನಿಂದ ಇಳಿದು ಬದುಕಿದರು. ದೇವಯ್ಯನವರು ಮಡಿದರು.

ಇದನ್ನು ಕಂಡ ನಮ್ಮವರು ಯಾರೂ ಇರಲಿಲ್ಲ. ಕಡತದಲ್ಲಿ ಉಳಿದದ್ದು ಒಂದೇ ಮಾತು: ನಾಪತ್ತೆ. 1979ರಲ್ಲಿ ಜಾನ್ ಫ್ರಿಕರ್ ಎಂಬ ಬ್ರಿಟಿಷ್ ಲೇಖಕರ ಪುಸ್ತಕ ಬಂದಾಗ, ಆ ಸ್ಟಾರ್‌ಫೈಟರ್ ಬಿದ್ದದ್ದು ಮಿಸ್ಟೇರಿನಿಂದ ಎಂಬುದು ತಿಳಿಯಿತು. ಅವರ ದಳದ ನಾಯಕರಾಗಿದ್ದ ತನೇಜಾ ಅವರು ಸರ್ಕಾರಕ್ಕೆ ಬರೆದರು. 1988ರಲ್ಲಿ ಮಹಾವೀರ ಚಕ್ರ ಬಂತು. ಪದಕ ಅವರ ಪತ್ನಿಯ ಕೈ ಸೇರಲು 23 ವರ್ಷ!

ದೇಹವೇನಾಯಿತು? ಅಲ್ಲಿನ ಹಳ್ಳಿಗರು ಅದನ್ನು ಕಂಡು, ಹೊಲದಲ್ಲೇ ಮಣ್ಣು ಮಾಡಿದರೆಂದು ಪಾಕಿಸ್ತಾನದ ನಿವೃತ್ತ ವಾಯುಪಡೆ ಅಧಿಕಾರಿಯೊಬ್ಬರು ಬರೆದಿದ್ದಾರೆ. ಬಾಂಬು ಹಾಕಲು ಬಂದವನೆಂದು ಆ ರೈತರು ಹೆಣವನ್ನು ನಾಯಿನರಿಗೆ ಬಿಡಲಿಲ್ಲ. ಯುದ್ಧ ಹೂಡುವವರು ಬೇರೆ, ಮಣ್ಣು ಹಾಕುವವರು ಬೇರೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಹುಡುಕಿದರೆ ಸಿಗುವುದಿಲ್ಲವೆಂದು ಯಾರೂ ಹೇಳಬಾರದು. 1968ರ ಫೆಬ್ರವರಿ 7ರಂದು 102 ಜನರೊಂದಿಗೆ ಲೇಹ್‌ಗೆ ಹೊರಟಿದ್ದ ಸೈನ್ಯದ ವಿಮಾನ ರೋಹತಾಂಗ್ ಬಳಿ ಕಣ್ಮರೆಯಾಯಿತು. 2003ರಲ್ಲಿ ಅದರ ಅವಶೇಷ ಸಿಕ್ಕಿತು. 2024ರಲ್ಲಿಯೂ, ಎಂದರೆ 56 ವರ್ಷದ ಮೇಲೆ, ಮಂಜಿನೊಳಗಿಂದ ನಾಲ್ವರ ದೇಹಗಳನ್ನು ತೆಗೆದರು. ಮನಸ್ಸು ಮಾಡಿದ್ದಕ್ಕೆ ಮಂಜೂ ಬಿಟ್ಟುಕೊಟ್ಟಿತು.

ಗಿರಣಿಯ ಹಾಜರಿ ಪುಸ್ತಕದಲ್ಲಿ ಒಂದು ಹೆಸರು ಬಿಟ್ಟುಹೋದರೆ ಕೂಲಿಗಾರನ ಮನೆಯ ಒಲೆ ಆರುತ್ತದೆ. ಅಂಗಡಿಯವನು ನಾಲ್ಕಾಣೆ ಸಾಲಕ್ಕೂ ಲೆಕ್ಕ ಬರೆದಿಡುತ್ತಾನೆ. ಜೀವ ಕೊಟ್ಟವನ ಲೆಕ್ಕವನ್ನು ಸರ್ಕಾರ 'ನಾಪತ್ತೆ' ಎಂದು ಬರೆದು ಮುಚ್ಚಿಡಬಹುದೇ?

ಮಡಿಕೇರಿಯಲ್ಲಿ ವೃತ್ತಕ್ಕೆ ದೇವಯ್ಯನವರ ಹೆಸರಿದೆ. ಒಳ್ಳೆಯದು. ಆದರೆ ಹೆಸರಿನ ಫಲಕದಿಂದ ಋಣ ತೀರದು. ನಾವು ಕೇಳುವುದಿಷ್ಟು: ಆ ಹೊಲವನ್ನು ಗುರುತಿಸಲು ಎರಡೂ ಸರ್ಕಾರಗಳು ಮಾತನಾಡಲಿ. ನಾಪತ್ತೆಯಾದವನು ಅಧಿಕಾರಿಯಾಗಲಿ, ಸಾಮಾನ್ಯ ಸಿಪಾಯಿಯಾಗಲಿ, ಅವನ ಮನೆಯವರಿಗೆ ಪಿಂಚಣಿಯೂ ಉತ್ತರವೂ ಬೇಡದೆಯೇ ಸಿಗಲಿ. ಹೊರದೇಶದವರೊಬ್ಬರು ಪುಸ್ತಕ ಬರೆಯುವವರೆಗೆ ಯಾವ ಮನೆಯೂ ಕಾಯಬೇಕಾಗದಿರಲಿ.